ಹಂಡೆ ಬಡಿದ ಕೈಗೆ ಬಂದ ಫೆನಿ ಭಾಣ

ಜನವರಿ ಮೊದಲ ವಾರ ಗೋವಾದ ಸತ್ತರಿ ಕಡೆಯವರೊಬ್ಬರು ಹುಬ್ಬಳ್ಳಿಯ ನಮ್ಮ ಶೆಡ್ಡಿಗೆ ಬಂದರು. ಗೇರು ತೋಟ ಇದೆ, ಗೇರುಹಣ್ಣಿನ ಮದ್ಯ ಫೆನಿ ಇಳಿಸುವ ಭಟ್ಟಿಗೆ ಪರವಾನಗಿ ಇದೆ, ಹಳೇ ತಾಮ್ರದ ಪಾತ್ರೆಯ ತಳ ತೆಳುವಾಗಿ ತೂತು ಬಿದ್ದಿದೆ, ಹೊಸದು ಬೇಕು. ಮೊಬೈಲಿನಲ್ಲಿ ಹಳೆಯದರ ಫೋಟೊ ತೋರಿಸಿದರು. ಕಾಕಾ ಕನ್ನಡಕ ಏರಿಸಿ ನೋಡಿ ನಕ್ಕರು. "ಇದು ನಮ್ಮ ಬಚ್ಚಲ ಹಂಡೇನ ಅಲ್ಲೇನೋ ತಮ್ಮಾ? ಮ್ಯಾಲೆ ಟೋಪಿ ಹಾಕ್ಯಾರ, ಅಷ್ಟ."

ನೋಡೋಕೆ ಹೌದು. ನಮ್ಮ ಮನೆತನದವರು ಕಂಚಗಾರ ಗಲ್ಲಿಯಲ್ಲಿ ಮೂರು ತಲೆಮಾರು ಹಂಡೆ, ಕೊಡ, ಕೊಪ್ಪರಿಗೆ ಬಡಿದವರು. ಗೀಸರ್ ಬಂತು, ಸ್ಟೀಲ್ ಬಂತು, ಹಂಡೆ ಕೇಳುವವರು ಹೋದರು. ಕಾಕಾ ಈಗ ಕಲಾಯಿ, ರಿಪೇರಿ, ದೇವರ ಪಾತ್ರೆ ಅಂತ ಅಷ್ಟಿಷ್ಟು ಮಾಡುತ್ತಾರೆ. ನಾನು ಡಿಪ್ಲೊಮಾ ಮುಗಿಸಿ ಸ್ಟೀಲ್ ಫ್ಯಾಬ್ರಿಕೇಶನ್ ಹಿಡಿದೆ. ಹೋಟೆಲ್ ಟೇಬಲ್, ಡೈರಿ ಟ್ಯಾಂಕು, ಇಂಥವು. ತಾಮ್ರ ಬಡಿಯುವುದು ಅವರಿಗೆ ಗೊತ್ತು, ಡ್ರಾಯಿಂಗ್ ಮತ್ತು ಟಾರ್ಚು ನನಗೆ ಗೊತ್ತು. ಇಬ್ಬರೂ ಸೇರಿದರೆ ಆಯಿತಲ್ಲ ಅಂದುಕೊಂಡು ₹92,000ಕ್ಕೆ ಒಪ್ಪಿಕೊಂಡೆವು. ಅಡ್ವಾನ್ಸ್ ಅರ್ಧ.

ಮುಂದೆ ಹೋಗುವ ಮೊದಲು ಒಂದು ಮಾತು. ಪರವಾನಗಿಯ ಜೆರಾಕ್ಸ್ ಇಲ್ಲದೆ ಇಂಥ ಪಾತ್ರೆಗೆ ನಾವು ಕೈ ಹಾಕುವುದಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ಇಳಿಸುವುದಷ್ಟೇ ಅಲ್ಲ, ಇಳಿಸಲಿಕ್ಕೆ ಅಂತ ಪಾತ್ರೆ ಇಟ್ಟುಕೊಳ್ಳುವುದೂ ಅಪರಾಧ. "ಸುಮ್ನೆ ಮನೇಲಿ ಸ್ವಲ್ಪ ಟ್ರೈ ಮಾಡೋಕೆ" ಅಂತ ಫೋನ್ ಮಾಡುವವರಿಗೆ ನಮ್ಮ ಉತ್ತರ ಒಂದೇ: ಇಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಎಲ್ಲ ಪರೀಕ್ಷೆಯೂ ನೀರಿನಲ್ಲೇ.

ಫೆನಿಯ ಕೆಲಸ ಹೇಗೆ ನಡೆಯುತ್ತದೆ ಅಂತ ತಿಳಿಯದೆ ಪಾತ್ರೆ ಮಾಡಲಾಗದು. ಗೋವಾದವರು ಅರ್ಧ ಕೊಂಕಣಿ, ಅರ್ಧ ಕನ್ನಡದಲ್ಲಿ ಕೂತು ವಿವರಿಸಿದರು. ಗೇರುಹಣ್ಣು ತುಳಿದು, ಹಿಂಡಿ ರಸ ತೆಗೆಯುತ್ತಾರೆ. ಅದು ತಾನಾಗಿ ಹುಳಿಯುತ್ತದೆ. ಹುಳಿತ ರಸವನ್ನು ಕುದಿಸುವ ಪಾತ್ರೆಯೇ ಭಾಣ. ಆವಿ ಒಂದು ನಳಿಗೆಯಲ್ಲಿ ಲವ್ನಿ ಅನ್ನುವ ಇನ್ನೊಂದು ಪಾತ್ರೆಗೆ ಹೋಗಿ ತಣ್ಣಗಾಗುತ್ತದೆ. ಹಿಂದೆ ಲವ್ನಿಯ ಮೇಲೆ ನೀರು ಹೊಯ್ಯುತ್ತಾ ಕೂರುತ್ತಿದ್ದರು. ಈಗ ಬಹಳ ಕಡೆ ನೀರಿನ ತೊಟ್ಟಿಯಲ್ಲಿ ತಾಮ್ರದ ಸುರುಳಿ ಇಟ್ಟಿರುತ್ತಾರೆ. ಮೊದಲ ಸಲ ಇಳಿದದ್ದು ಉರ್ರಾಕ್, ಸುಮಾರು 15 ಪರ್ಸೆಂಟ್. ಅದನ್ನು ಮತ್ತೆ ಇಳಿಸಿದರೆ ಫೆನಿ, 42ರ ಮೇಲೆ. ಗೇರು ಫೆನಿಗೆ 2009ರಲ್ಲಿ ಜಿಐ, ಅಂದರೆ ಆ ಊರಿನದೇ ಅನ್ನುವ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ. ಹಾಗಾಗಿ ಅವರಿಗೆ ಪಾತ್ರೆ ಹಳೇ ಆಕಾರದಲ್ಲೇ ಬೇಕು, ಹೊಸ ಕಾಲದ ಉದ್ದ ಕಂಬದ ಮಾದರಿ ಬೇಡ. ಸೀಸನ್ ಫೆಬ್ರವರಿ ಕೊನೆಗೆ ಶುರು. ಅಷ್ಟರೊಳಗೆ ಪಾತ್ರೆ ಅಲ್ಲಿರಬೇಕು.

ಅಳತೆ ಹೀಗೆ ಹಾಕಿದೆ. ಮೈ 60 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರ. ತಳ ಹೊರಗೆ ಉಬ್ಬಿದ ಬಟ್ಟಲು, 10 ಸೆಂ.ಮೀ. ಆಳ. ಮೇಲೆ ಹೆಗಲು, ಅದರ ಮೇಲೆ 20 ಸೆಂ.ಮೀ. ಬಾಯಿ. ಒಟ್ಟು 160 ಲೀಟರ್ ಹಿಡಿಯುತ್ತದೆ. ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ತುಂಬಬಾರದು, ನೊರೆ ಉಕ್ಕಿ ನಳಿಗೆಗೆ ಹೋಗುತ್ತದೆ. ಮೈಗೆ, ಹೆಗಲಿಗೆ 2 ಮಿ.ಮೀ. ತಗಡು, ತಳಕ್ಕೆ ಕಟ್ಟಿಗೆ ಬೆಂಕಿ ನೇರವಾಗಿ ತಾಗುವುದರಿಂದ 3 ಮಿ.ಮೀ., ಟೋಪಿಗೆ ಒಂದೂವರೆ. 2 ಮಿ.ಮೀ. ತಾಮ್ರ ಚದರ ಮೀಟರಿಗೆ 18 ಕೆಜಿ ತೂಗುತ್ತದೆ. ಎಲ್ಲ ಸೇರಿ ಪಾತ್ರೆಯಲ್ಲಿ 43 ಕೆಜಿ, ಕತ್ತರಿಸಿ ಬಿಸಾಡುವುದು ಸೇರಿಸಿ 48 ಕೆಜಿ ಕೊಂಡೆ. ಆ ವಾರ ಕೆಜಿಗೆ ₹920.

ತಗಡು ಕೊಳ್ಳುವಾಗಲೇ ನಾನು ಎಡವಿದ್ದು. ಅದು ಗೊತ್ತಾದದ್ದು ಒಂದು ವಾರ ಕಳೆದ ಮೇಲೆ.

ಮೊದಲು ತಳ. 70 ಸೆಂ.ಮೀ. ಅಗಲದ ಚಕ್ರ, ಹತ್ತು ಕೆಜಿ ಮೇಲೆ. ಕಾಕಾ ಶೆಡ್ಡಿನ ಷಟರ್ ಅರ್ಧ ಇಳಿಸಿ ಕುಲುಮೆ ಹಚ್ಚಿದರು. ಬೆಳಕಿದ್ದರೆ ತಾಮ್ರದ ಬಣ್ಣ ಕಾಣುವುದಿಲ್ಲ. ಕತ್ತಲೆಯಲ್ಲಿ ಅದು ಮಸುಕು ಕೆಂಪಾದಾಗ, ಒಣಗಿದ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಬಂದಾಗ, ಸಾಕು. ತೆಗೆದು ನೀರಿಗೆ ಹಾಕಬೇಕು. ಕಬ್ಬಿಣ ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ನೀರಿಗೆ ಬಿದ್ದ ಕೂಡಲೇ ಕರಿ ಪೊರೆ ಸಿಪ್ಪೆ ಸಿಪ್ಪೆಯಾಗಿ ಬಿಡುತ್ತದೆ. ಉಳಿದದ್ದನ್ನು ಹುಣಸೆಹುಳಿ, ಉಪ್ಪಿನಿಂದ ತಿಕ್ಕಿದರೆ ಗುಲಾಬಿ ಬಣ್ಣದ ತಾಮ್ರ.

ಆಮೇಲೆ ಬಡಿತ. ಮರದ ದಿಮ್ಮಿಯಲ್ಲಿ ತೋಡಿದ ಗುಳಿ ಮೇಲೆ ತಗಡಿಟ್ಟು, ಕಟ್ಟಿಗೆಯ ಕೊಡತಿಯಿಂದ ಅಂಚಿನಿಂದ ನಡುವಿಗೆ ಸುತ್ತು ಸುತ್ತು. ಕಾಕಾ ಕಣ್ಣಿಗಿಂತ ಕಿವಿ ನಂಬುತ್ತಾರೆ. ಮೆತ್ತಗಿರುವಾಗ ಸದ್ದು ದಬ್ ದಬ್ ಅಂತ ಸತ್ತ ಹಾಗಿರುತ್ತದೆ. ಬಡಿದಂತೆ ಬಡಿದಂತೆ ತಾಮ್ರ ಬಿಗಿಯುತ್ತದೆ, ಸದ್ದು ಠಣ್ ಅಂತ ಏರುತ್ತದೆ. "ಈಗ ಹಾಡಾಕತ್ತೈತಿ, ನಿಲ್ಸು" ಅಂದರೆ ಮತ್ತೆ ಕುಲುಮೆಗೆ. ಹಾಡಲು ಶುರುವಾದ ಮೇಲೂ ಬಡಿದರೆ ಅಂಚು ಸೀಳುತ್ತದೆ. ತಳ ಒಂದಕ್ಕೇ ಐದು ಸಲ ಕಾಯಿಸಿದೆವು. ಕೊನೆಗೆ ಅಂಚಿನ 3 ಸೆಂ.ಮೀ. ಮೇಲಕ್ಕೆ ಮಡಚಿ ಪಟ್ಟಿ ಎಬ್ಬಿಸಿದರು. ಎರಡು ದಿನದ ಕೆಲಸ. ನನ್ನ ಕೈ ಎರಡನೇ ದಿನ ಮಧ್ಯಾಹ್ನಕ್ಕೇ ಬಿದ್ದು ಹೋಯಿತು. ಎಪ್ಪತ್ತರ ಹತ್ತಿರ ಬಂದ ಕಾಕಾ ಚಹಾ ಕುಡಿದು ಮತ್ತೆ ಕೂತರು.

ಮೈಯದು ಸುಲಭ ಅಂದುಕೊಂಡಿದ್ದೆ. ಹಂಡೆಗೆ ಮಾಡುವ ಹಾಗೆ ಕಾಕಾ ತಗಡಿನ ಒಂದು ಅಂಚಿಗೆ ಹಲ್ಲು ಕತ್ತರಿಸಿದರು. ಒಂದು ಹಲ್ಲು ಒಳಗೆ, ಒಂದು ಹೊರಗೆ ಮಾಡಿ ಇನ್ನೊಂದು ಅಂಚನ್ನು ನಡುವೆ ತೂರಿಸಿ ಬಡಿದು ಕಚ್ಚಿಸಿದರು. ಈ ಹಲ್ಲುಕಚ್ಚು ನೋಡಲಿಕ್ಕೇ ಚಂದ. ಹಳೇ ಹಂಡೆಗಳ ಮೈಮೇಲೆ ಹಳದಿ ಹಾವಿನ ಗುರುತಿನ ಹಾಗೆ ಕಾಣುತ್ತದಲ್ಲ, ಅದೇ. ಅವರು ಹಿತ್ತಾಳೆ ಪುಡಿ, ಬಿಳಿಗಾರ ಹಾಕಿ ಇದ್ದಿಲ ಬೆಂಕಿಯಲ್ಲಿ ಬೆಸೆಯುತ್ತಿದ್ದರು. ನಾನು ಜಾಣತನ ತೋರಿಸಿ, "ಬ್ಯಾಡ ಕಾಕಾ, ಗ್ಯಾಸ್ ಟಾರ್ಚಿನಲ್ಲಿ ಮಾಡೋಣ" ಅಂದೆ. ಆಕ್ಸಿಜನ್, ಅಸಿಟಿಲೀನ್, ಎಸಿಯವರು ಬಳಸುವ ರಂಜಕ-ತಾಮ್ರದ ಕಡ್ಡಿ. ತಾಮ್ರಕ್ಕೆ ತಾಮ್ರ ಬೆಸೆಯಲು ಅದಕ್ಕೆ ಬಿಳಿಗಾರವೂ ಬೇಡ.

45 ಸೆಂ.ಮೀ. ಬೆಸುಗೆ ಮುಗಿಸಲು ಅರ್ಧ ಗಂಟೆ ಬೇಕಾಯಿತು. ತಾಮ್ರ ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆದುಕೊಳ್ಳುತ್ತದೆ. ಇಲ್ಲಿ ಕಾಯಿಸಿದರೆ ಅಲ್ಲಿ ಬಿಸಿಯಾಗುತ್ತದೆ, ಬೇಕಾದ ಜಾಗ ಮಾತ್ರ ಕಾಯುವುದಿಲ್ಲ. ಹಾಗಾಗಿ ಉರಿ ಜಾಸ್ತಿ ಮಾಡಿದೆ, ಅಸಿಟಿಲೀನ್ ಸ್ವಲ್ಪ ಹೆಚ್ಚೇ ಬಿಟ್ಟೆ. ತಣ್ಣಗಾದ ಮೇಲೆ ಉರುಟು ಸರಿಮಾಡಲು ಕಾಕಾ ಬೆಸುಗೆ ಪಕ್ಕದಲ್ಲಿ ನಾಲ್ಕು ಏಟು ಹಾಕಿದರು. ಐದನೇ ಏಟಿಗೆ ಚಿಟ್ ಅಂತ ಸದ್ದು.

ಬೆಸುಗೆ ಬಿಟ್ಟಿರಲಿಲ್ಲ. ಅದರ ಪಕ್ಕದ ತಾಮ್ರವೇ ಒಡೆದಿತ್ತು. ಕೂದಲೆಳೆಯಂಥ ಬಿರುಕು, ಹಿಡಿದು ಬಗ್ಗಿಸಿದರೆ ಬಿಸ್ಕತ್ತಿನ ಹಾಗೆ ಪುಡಿ ಪುಡಿ ಅಂಚು. ಕಾಕಾ ಬೆರಳಿನಿಂದ ಸವರಿ ನೋಡಿದರು. "ಐವತ್ತು ವರ್ಷದಾಗ ತಾಮ್ರ ಹಿಂಗ ಒಡದಿದ್ದು ನೋಡಿಲ್ಲ. ಏನ್ ತಂದಿ?"

ಅಂಗಡಿಯವರಿಗೆ ಫೋನ್ ಮಾಡಿದೆ. "ತಾಮ್ರ ಅಂದ್ರ ತಾಮ್ರರೀ, 99.9 ಐತಿ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಅದು ವಿದ್ಯುತ್ ಪ್ಯಾನಲ್‌ಗಳಿಗೆ ಹಾಕುವ ಈಟಿಪಿ ತಾಮ್ರ. ಕರೆಂಟ್ ಹರಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದರೊಳಗೆ ಚೂರು ಆಕ್ಸಿಜನ್ ಸಣ್ಣ ಸಣ್ಣ ಕಣವಾಗಿ ಉಳಿದಿರುತ್ತದೆ. ಅಸಿಟಿಲೀನ್ ಹೆಚ್ಚಿರುವ ಉರಿಯಲ್ಲಿ ಹೈಡ್ರೋಜನ್ ಇರುತ್ತದೆ. ಕೆಂಪಗೆ ಕಾದ ತಾಮ್ರದೊಳಕ್ಕೆ ಅದು ಸಲೀಸಾಗಿ ನುಗ್ಗುತ್ತದೆ. ಒಳಗಿನ ಆಕ್ಸಿಜನ್ ಜೊತೆ ಸೇರಿ ನೀರಾವಿಯಾಗುತ್ತದೆ. ಆವಿಗೆ ಹೊರಬರಲು ದಾರಿ ಇಲ್ಲ, ತಾಮ್ರದ ಕಾಳು ಕಾಳುಗಳನ್ನು ಒಳಗಿಂದಲೇ ಬಿಡಿಸಿ ಹಾಕುತ್ತದೆ. ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಬೆಸೆಯುವ ಕೆಲಸಕ್ಕೆ ಬೇಕಾದದ್ದು ಡಿಎಚ್‌ಪಿ ಅನ್ನುವ ಜಾತಿ. ಅದರಲ್ಲಿ ಚೂರು ರಂಜಕ ಹಾಕಿ ಆಕ್ಸಿಜನ್ ತೆಗೆದಿರುತ್ತಾರೆ. ಎಸಿ ಪೈಪೆಲ್ಲ ಅದೇ. ಇದನ್ನು ನಾನು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅಂಗಡಿಯಲ್ಲಿ ನಿಂತಾಗ ಮಾತ್ರ ನೆನಪಾಗಲಿಲ್ಲ. ಈಗ ಹೊಸ ತಗಡು ಬಂದರೆ ಮೊದಲು ಒಂದು ಬೆರಳುದ್ದದ ತುಂಡು ಕತ್ತರಿಸಿ, ಅಸಿಟಿಲೀನ್ ಹೆಚ್ಚಿಟ್ಟ ಉರಿಯಲ್ಲಿ ಕೆಲವು ನಿಮಿಷ ಕೆಂಪಗೆ ಕಾಯಿಸಿ, ನೀರಿಗೆ ಹಾಕಿ, ಪೂರ್ತಿ ಮಡಚುತ್ತೇನೆ. ಮಡಚಿದ ಹೊರಮೈ ನುಣ್ಣಗಿದ್ದರೆ ಸರಿ. ಕಿತ್ತಳೆ ಸಿಪ್ಪೆಯ ಹಾಗಾಗಿ ಬಿರಿದರೆ ವಾಪಸ್.

"ಹಂಗಾದ್ರ ನಮ್ಮ ಹಂಡೇವು ಯಾಕ ಒಡೀಲಿಲ್ಲ?" ಅಂತ ಕಾಕಾ ಕೇಳಿದರು. ಒಳ್ಳೇ ಪ್ರಶ್ನೆ. ನನಗೆ ತೋಚಿದ್ದು ಇಷ್ಟು: ಹಂಡೆಯ ಬೆಸುಗೆಗೆ ಯಾರೂ ಅರ್ಧ ಗಂಟೆ ಅಸಿಟಿಲೀನ್ ಹಿಡಿದಿರಲಿಲ್ಲ. ಇನ್ನೊಂದು, ಹಂಡೆ ಚೂರು ಒಸರಿದರೂ ನಡೆಯುತ್ತದೆ. ಹೊರಗಿನ ಮಸಿ, ಒಳಗಿನ ಉಪ್ಪು ಕಟ್ಟಿ ನಾಲ್ಕು ದಿನದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಭಾಣಕ್ಕೆ ಆ ಸಲಿಗೆ ಇಲ್ಲ. ನೀರು ಸೋರಿದರೆ ಹನಿ ಕಾಣುತ್ತದೆ. ಮದ್ಯದ ಆವಿ ಸೋರಿದರೆ ಕಾಣುವುದಿಲ್ಲ, ಕೆಳಗೆ ಕಟ್ಟಿಗೆ ಬೆಂಕಿ ಇರುತ್ತದೆ.

ತಗಡು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಕತ್ತರಿಸಿದ ಮಾಲು, ಅವರದ್ದೂ ತಪ್ಪಲ್ಲ. ತಳದ 3 ಮಿ.ಮೀ. ಬೇರೆ ಲಾಟಿನದು, ತುಂಡು ಮಡಚಿ ನೋಡಿದರೆ ಚೆನ್ನಾಗಿತ್ತು. ಹೆಗಲಿನ ತಗಡು ಕೂಡ ಹೋಯಿತು. ಡಿಎಚ್‌ಪಿ ಹಾಳೆ ಬೆಂಗಳೂರಿನಿಂದ ತರಿಸಲು ಆರು ದಿನ.

ಆ ಆರು ದಿನದಲ್ಲಿ ಕಲಾಯಿ ಜಗಳ ಆಯಿತು. ಕಾಕಾ ತವರ, ನವಸಾಗರ ಎಲ್ಲ ಹೊರಗೆ ತೆಗೆದಿಟ್ಟಿದ್ದರು. "ಹುಳಿ ರಸಾ ಕುದಿಸ್ತಾರ ಅಂದಿ. ಕಲಾಯಿ ಇಲ್ಲದ ತಾಮ್ರದಾಗ ಹುಳಿ ಇಡ್ತಾರೇನ? ಕಿಲುಬು ಬರ್ತೈತಿ, ಹೊಟ್ಟಿ ಕೆಡ್ತೈತಿ. ನನ್ನ ಹೆಸರು ಕೆಡ್ತೈತಿ."

ಅವರ ಪ್ರಕಾರ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಸಾರು, ಹುಳಿ ಮಾಡುವ ಪಾತ್ರೆಗೆ ಕಲಾಯಿ ಬೇಕೇ ಬೇಕು. ಆದರೆ ಭಾಣದಲ್ಲಿ ಕುದಿಯುವುದನ್ನು ಯಾರೂ ಕುಡಿಯುವುದಿಲ್ಲ. ಆವಿಯಾಗಿ ಮೇಲೆ ಹೋದದ್ದನ್ನು ಮಾತ್ರ ಕುಡಿಯುತ್ತಾರೆ. ಕರಗಿದ ತಾಮ್ರದ ಉಪ್ಪು ಆವಿಯಾಗುವುದಿಲ್ಲ, ತಳದ ಗಸಿಯಲ್ಲೇ ಉಳಿಯುತ್ತದೆ. ಮೇಲಾಗಿ ಈ ಕೆಲಸಕ್ಕೆ ತಾಮ್ರ ಹಾಕುವುದೇ ಅದು ಬರಿಮೈಯಲ್ಲಿ ಆವಿಗೆ ತಾಗಲಿ ಅಂತ. ರಸ ಹುಳಿಯುವಾಗ ಗಂಧಕದ ನಾತ ಹುಟ್ಟುತ್ತದೆ. ಕೊಳೆತ ಮೊಟ್ಟೆ, ಬೇಯಿಸಿದ ಎಲೆಕೋಸು ಥರದ್ದು. ಬಿಸಿ ಆವಿ ತಾಮ್ರಕ್ಕೆ ತಾಗಿದಾಗ ಆ ಗಂಧಕ ತಾಮ್ರಕ್ಕೆ ಅಂಟಿ ಕಪ್ಪಾಗುತ್ತದೆ, ಮದ್ಯ ಶುದ್ಧವಾಗಿ ಮುಂದೆ ಹೋಗುತ್ತದೆ. ಶಾಖದ ಲೆಕ್ಕ ಮಾತ್ರ ಆಗಿದ್ದರೆ ವಿಸ್ಕಿ ಇಳಿಸುವ ಸ್ಕಾಟ್ಲೆಂಡಿನವರು ಯಾವತ್ತೋ ಸ್ಟೀಲಿಗೆ ಹೋಗುತ್ತಿದ್ದರು. ತಾಮ್ರ ತನ್ನ ಮೈ ಸವೆಸಿಕೊಂಡು ಈ ಕೆಲಸ ಮಾಡುತ್ತದೆ. ಕಲಾಯಿ ಹಾಕಿದರೆ ಆವಿಗೆ ಸಿಗುವುದು ತವರ, ತಾಮ್ರವಲ್ಲ. ಇನ್ನು ತವರ ಕರಗುವುದು 232 ಡಿಗ್ರಿಗೆ. ಕಟ್ಟಿಗೆ ಬೆಂಕಿ ಮೇಲೆ ಒಂದು ಸಲ ರಸ ಆರಿದರೆ ಕಲಾಯಿ ತಳದಲ್ಲಿ ಮುದ್ದೆಯಾಗಿ ಕೂರುತ್ತದೆ.

ಕಾಕಾ ಪೂರ್ತಿ ಒಪ್ಪಲಿಲ್ಲ. ತವರವನ್ನು ಡಬ್ಬಿಗೆ ವಾಪಸ್ ಹಾಕುತ್ತಾ, "ಹಂಗಾದ್ರ ಆವಿ ತಣ್ಣಗಾಗಿ ಮತ್ತ ಹನಿ ಆಗೂ ಜಾಗಾದಾಗ?" ಅಂದರು. ನಾನು ಆಗ ಅದಕ್ಕೆ ಸರಿಯಾಗಿ ಕಿವಿ ಕೊಡಲಿಲ್ಲ.

ಗಂಧಕದ ವಿಷಯ ಓದುವಾಗಲೇ ನನ್ನ ಇನ್ನೊಂದು ತಪ್ಪು ಗೊತ್ತಾಯಿತು. ರಂಜಕದ ಕಡ್ಡಿಯ ಬೆಸುಗೆ ಗಂಧಕ ಇರುವ ಜಾಗಕ್ಕೆ ಆಗಿಬರುವುದಿಲ್ಲ, ಬೇಗ ತಿಂದು ಹಾಕುತ್ತದೆ. ಅಂದರೆ ಮೈ ಒಡೆದದ್ದೇ ಒಳ್ಳೆಯದಾಯಿತು. ಒಡೆಯದೆ ಹೋಗಿದ್ದರೆ ಗೋವಾದಲ್ಲಿ ಎರಡನೇ ಸೀಸನ್‌ಗೆ ಸೋರುತ್ತಿತ್ತು.

ಎರಡನೇ ಮೈಗೆ ಹಲ್ಲುಕಚ್ಚು ಬಿಟ್ಟೆವು. 15 ಮಿ.ಮೀ. ಒಂದರ ಮೇಲೊಂದು ಅಂಚಿಟ್ಟು, 4 ಸೆಂ.ಮೀ.ಗೆ ಒಂದರಂತೆ ತಾಮ್ರದ ರಿವೆಟ್ ಹೊಡೆದು, ನಡುವಿನ ಸಂದಿಗೆ ಬೆಳ್ಳಿ ಬೆಸುಗೆ ಹರಿಸಿದೆವು. ಕಡ್ಡಿಯಲ್ಲಿ ಬೆಳ್ಳಿ 45 ಪರ್ಸೆಂಟ್, ಕ್ಯಾಡ್ಮಿಯಂ ಇಲ್ಲದ್ದು. ಇದರಲ್ಲಿ ರಾಜಿ ಬೇಡ. ಸೀಸದ ಬೆಸುಗೆಯಂತೂ ಹತ್ತಿರಕ್ಕೂ ಸೇರಿಸಬಾರದು. ಸಂದಿ ಕಾಗದದ ದಪ್ಪಕ್ಕಿಂತ ಹೆಚ್ಚಿರಬಾರದು. ಆ ಸಂದಿ ಸರಿಯಿದ್ದರೆ ಬೆಳ್ಳಿಯನ್ನು ನೀವು ತುಂಬಬೇಕಾಗಿಲ್ಲ, ಅದೇ ಒಳಕ್ಕೆ ಓಡುತ್ತದೆ. ಬತ್ತಿ ಎಣ್ಣೆ ಹೀರುವ ಹಾಗೆ. ಕೆಳಗೆ ಕಾಕಾ ಇದ್ದಿಲ ಬೆಂಕಿ ಇಟ್ಟು ಇಡೀ ಮೈಯನ್ನು ಬಿಸಿ ಮಾಡಿದರು, ಮೇಲಿಂದ ನಾನು ಟಾರ್ಚು. ಕಡ್ಡಿ ಒಂದು ಕಡೆ ಮುಟ್ಟಿಸಿದರೆ ಇನ್ನೊಂದು ಕಡೆ ಅಂಚಿನಲ್ಲಿ ಬೆಳ್ಳಿಗೆರೆ ಮೂಡುತ್ತದೆ. ಅದನ್ನು ನೋಡಿ ಕಾಕಾ ಮೊದಲ ಸಲ ನನ್ನ ಟಾರ್ಚಿಗೆ ಮರ್ಯಾದೆ ಕೊಟ್ಟರು. ಒಟ್ಟು 150 ಗ್ರಾಂ ಹೋಯಿತು, ₹7,500.

ತಳ ಸೇರುವ ಬೆಸುಗೆ ಎಲ್ಲಿ ಬರಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಈ ಬೆಳ್ಳಿ ಸುಮಾರು 650 ಡಿಗ್ರಿಗೆ ಕರಗುತ್ತದೆ. ಕಟ್ಟಿಗೆ ಉರಿ ಅದಕ್ಕಿಂತ ಬಿಸಿ. ಆದರೆ ಒಳಗೆ ರಸ ಇರುವ ತನಕ ತಾಮ್ರ ನೂರರ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಬೆಸುಗೆ ಯಾವಾಗಲೂ ರಸದ ಮಟ್ಟಕ್ಕಿಂತ ಕೆಳಗೆ, ಒಲೆಯ ಅಂಚಿಗಿಂತ ಮೇಲೆ ಇರಬೇಕು. ಒಲೆ ಕಟ್ಟುವವರಿಗೆ ತಿಳಿಯಲಿ ಅಂತ ಪಾತ್ರೆ ಮೈಮೇಲೆ ಚಾಣದಿಂದ ಗೆರೆ ಕೊರೆದು ಕೊಟ್ಟೆ.

ಟೋಪಿ, ಹೆಗಲು ಮೂರು ದಿನದಲ್ಲಿ ಮುಗಿದವು. ಹೊಸದೇನಿಲ್ಲ, ಕೊಡದ ಕುತ್ತಿಗೆ ಎಬ್ಬಿಸಿದವರಿಗೆ ಅದು ಆಟ. ಟೋಪಿ ಮತ್ತು ಬಾಯಿ ಸೇರುವ ಜಾಗದ್ದು ಮಾತ್ರ ಚರ್ಚೆ ಆಯಿತು. ಗೋವಾದವರು ರಬ್ಬರ್ ವಾಷರ್ ಹಾಕಿ ಬೋಲ್ಟ್ ಬಿಗಿಯಿರಿ ಅಂದರು. ನಾನು ಒಪ್ಪಲಿಲ್ಲ. ಬಿಸಿ ಆವಿ ರಬ್ಬರಿನ ವಾಸನೆ ಎಳೆದು ತರುತ್ತದೆ. ಅದಕ್ಕಿಂತ ಮುಖ್ಯ, ನಳಿಗೆಯಲ್ಲಿ ಏನಾದರೂ ಸಿಕ್ಕಿಕೊಂಡರೆ ಒತ್ತಡ ಹೊರಗೆ ಹೋಗಲು ದಾರಿ ಬೇಕು. ಬೋಲ್ಟ್ ಬಿಗಿದ ಪಾತ್ರೆ ಬಾಂಬು. ಒಂದರೊಳಗೊಂದು ಕೂರುವ ಇಳಿಜಾರು ಕೊರಳು ಮಾಡಿ, ಮಣ್ಣು, ಬಟ್ಟೆ ಸುತ್ತುವ ಅವರ ಹಳೇ ಪದ್ಧತಿಗೇ ಬಿಟ್ಟೆ. ಒತ್ತಡ ಏರಿದರೆ ಮೊದಲು ಮಣ್ಣು ಬಿಡುತ್ತದೆ. ಹಳಬರು ಯೋಚನೆ ಮಾಡಿಯೇ ಮಾಡಿದ್ದರೋ ಗೊತ್ತಿಲ್ಲ, ಸೇಫ್ಟಿ ವಾಲ್ವ್ ಅಂದರೆ ಅದೇ.

ಸುರುಳಿ ನನ್ನ ಪಾಲಿನದು. 22 ಮಿ.ಮೀ. ತಾಮ್ರದ ಪೈಪು, 9 ಮೀಟರ್. ಖಾಲಿ ಪೈಪು ಬಗ್ಗಿಸಿದರೆ ಚಪ್ಪಟೆಯಾಗುತ್ತದೆ, ಒಳಗೆ ಮರಳು ತುಂಬಬೇಕು. ಮರಳನ್ನು ಜರಡಿ ಹಿಡಿದು ಕಬ್ಬಿಣದ ಬಾಂಡ್ಲಿಯಲ್ಲಿ ಹುರಿದೆ. ಹಸಿ ಮರಳು ತುಂಬಿ ಎರಡೂ ಬಾಯಿ ಮುಚ್ಚಿ ಪೈಪು ಕಾಯಿಸಿದರೆ ಒಳಗಿನ ನೀರು ಆವಿಯಾಗಿ ಬಿರಡೆ ಗುಂಡಿನ ಹಾಗೆ ಹಾರುತ್ತದೆ. ಪೈಪನ್ನು ನಿಲ್ಲಿಸಿ, ಮರದ ತುಂಡಿನಿಂದ ತಟ್ಟುತ್ತಾ ತಟ್ಟುತ್ತಾ ಮರಳು ಇಳಿಸಿದೆ, ಅದಕ್ಕೇ ಅರ್ಧ ದಿನ. ಆಮೇಲೆ ಪೈಪು ಮೆತ್ತಗೆ ಮಾಡಿ, ಹಳೇ ಗ್ಯಾಸ್ ಸಿಲಿಂಡರ್ ಅಳತೆಯ ಡ್ರಮ್ಮಿಗೆ ಸುತ್ತಿದೆ. ಸುತ್ತಿಗೆ ಒಂದು ಮೀಟರ್ ಲೆಕ್ಕದಲ್ಲಿ ಎಂಟು ಸುತ್ತು, ಉಳಿದದ್ದು ಎರಡು ತುದಿಗೆ. ಸುರುಳಿ ಎಲ್ಲೂ ಮೇಲಕ್ಕೆ ಏಳಬಾರದು, ಪೂರ್ತಿ ಇಳಿಜಾರೇ ಇರಬೇಕು. ಒಂದು ಕಡೆ ತಗ್ಗಾದರೂ ಅಲ್ಲಿ ಹನಿ ನಿಂತು, ಆವಿ ಅದನ್ನು ತಳ್ಳಿ, ಬಾಯಿಂದ ಗೊಳಕ್ ಗೊಳಕ್ ಅಂತ ಉಗುಳುತ್ತದೆ. ಒಳಗೆ ಗೋಲಿ ಬಿಟ್ಟು ನೋಡಿದೆ. ನಿಲ್ಲದೆ ಕೆಳಗೆ ಬಂತು.

ತಣ್ಣೀರಿನ ಲೆಕ್ಕವನ್ನೂ ಅವರಿಗೆ ಬರೆದುಕೊಟ್ಟೆ. ಗಂಟೆಗೆ 8 ಕೆಜಿ ಇಳಿಸಬೇಕಾದರೆ ನೀರು ಸುಮಾರು 15,000 ಕಿಲೊಜೂಲ್ ಶಾಖ ಹೊತ್ತೊಯ್ಯಬೇಕು. ನೀರು 20 ಡಿಗ್ರಿ ಬಿಸಿಯಾಗಲಿ ಅಂತ ಇಟ್ಟುಕೊಂಡರೆ ಗಂಟೆಗೆ 180 ಲೀಟರ್ ಹೊಸ ನೀರು ಬೇಕು. ನಿಂತ ನೀರಿನ ತೊಟ್ಟಿ ಮಾರ್ಚ್ ಬಿಸಿಲಿನಲ್ಲಿ ಎರಡು ಗಂಟೆಗೇ ಕೈ ಬಿಡುತ್ತದೆ. ಅವರ ತೋಟದಲ್ಲಿ ಝರಿ ಇದೆಯಂತೆ, ಪುಣ್ಯ.

ಸೋರಿಕೆ ಪರೀಕ್ಷೆಗೆ ಕಂಪ್ರೆಸರ್ ತರೋಣ ಅಂತ ಶೆಡ್ಡಿನ ಹುಡುಗ ಹೊರಟಿದ್ದ, ತಡೆದೆ. ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಗೋಡೆಗೆ ಕಟ್ಟಿ ನೀರು ಹಾಕಿ, ಒಂದು ತುದಿ ಪಾತ್ರೆಗೆ ಜೋಡಿಸಿ, ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಹಾಕಿದೆ. ನೀರಿನ ಮಟ್ಟದ ವ್ಯತ್ಯಾಸ 50 ಸೆಂ.ಮೀ. ಆದಾಗ ನಿಲ್ಲಿಸಿದೆ. ಇದು ಬರೀ ಇಪ್ಪತ್ತನೇ ಒಂದು ವಾತಾವರಣದ ಒತ್ತಡ. ಅಷ್ಟಕ್ಕೇ 60 ಸೆಂ.ಮೀ. ತಳದ ಮೇಲೆ 140 ಕೆಜಿ ಭಾರ ಬೀಳುತ್ತದೆ, ಲೆಕ್ಕ ಹಾಕಿ ನೋಡಿ. ಸೋಪಿನ ನೀರು ಬಳಿದೆವು. ಏಳನೇ ರಿವೆಟ್ಟಿನ ತಲೆಯ ಸುತ್ತ ಸಾಸಿವೆ ಕಾಳಿನಂಥ ಗುಳ್ಳೆ, ಒಂದರ ಹಿಂದೆ ಒಂದು. ಒಣಗಿಸಿ ಮತ್ತೆ ಬೆಳ್ಳಿ ಕುಡಿಸಿದೆ. ಆಮೇಲೆ ಹತ್ತು ನಿಮಿಷ ನೀರಿನ ಮಟ್ಟ ಅಲ್ಲಾಡಲಿಲ್ಲ.

ಮರುದಿನ 60 ಲೀಟರ್ ನೀರು ಹಾಕಿ ಕಟ್ಟಿಗೆ ಹಚ್ಚಿದೆವು. ಮುಕ್ಕಾಲು ಗಂಟೆಗೆ ಕುದಿ ಬಂತು. ಕೊರಳಿಗೆ ಗೋಧಿ ಹಿಟ್ಟಿನ ಕಣಕ ಮೆತ್ತಿದ್ದೆವು. ಕಾಕಾ ಒಳಗಿಂದ ತಣ್ಣನೆಯ ಸ್ಟೀಲ್ ತಟ್ಟೆ ತಂದು ಪ್ರತಿ ಸೇರುವೆಯ ಹತ್ತಿರ ಹಿಡಿದು ನೋಡಿದರು. ಆವಿ ಸೋರಿದರೆ ತಟ್ಟೆ ಮಬ್ಬಾಗುತ್ತದೆ. ಸೋಪಿಗಿಂತ ಇದು ಚುರುಕು, ನನಗೆ ಹೊಳೆದಿರಲಿಲ್ಲ. ಕಣಕ ಬಿರಿದ ಒಂದು ಕಡೆ ಬಿಟ್ಟು ಎಲ್ಲೂ ಮಬ್ಬಿಲ್ಲ. ಸುರುಳಿಯ ಬಾಯಿಂದ ನೀರು ದಾರದ ಹಾಗೆ ಸಣ್ಣಗೆ ಇಳಿಯಿತು.

ಫೆಬ್ರವರಿ ಕೊನೆಗೆ ಟೆಂಪೊದಲ್ಲಿ ಹಾಕಿ ಧಾರವಾಡ, ಲೋಂಡಾ, ಅನಮೋಡ ಘಾಟ್ ಇಳಿದು ಹೋದೆವು. ಚೆಕ್‌ಪೋಸ್ಟಿನಲ್ಲಿ ಟಾರ್ಪಾಲು ಎತ್ತಿ ನೋಡಿದವರು ಅರ್ಧ ಗಂಟೆ ನಿಲ್ಲಿಸಿದರು. ಬಿಲ್, ಪರವಾನಗಿಯ ಪ್ರತಿ ಎಲ್ಲ ಇತ್ತು. "ಇಷ್ಟು ದೊಡ್ಡ ಹಂಡೆ ಯಾವ ಮಠಕ್ಕೆ?" ಅಂದ ಒಬ್ಬರಿಗೆ ಕಾಕಾ ನಕ್ಕು ಸುಮ್ಮನಾದರು.

ಮಾರ್ಚ್ ಎರಡನೇ ವಾರ ಮೊದಲ ಭಟ್ಟಿ. ನಾವೂ ಹೋಗಿದ್ದೆವು. ಅಷ್ಟರಲ್ಲಿ ಗುಡ್ಡವೆಲ್ಲ ಗೇರುಹಣ್ಣಿನ ವಾಸನೆ. ಒಲೆ ನಾನು ಕೊರೆದ ಗೆರೆಗೇ ಸರಿಯಾಗಿ ಕಟ್ಟಿದ್ದರು. ಪಾತ್ರೆ ಎಲ್ಲೂ ಸೋರಲಿಲ್ಲ. ಒಂದೂವರೆ ಗಂಟೆಗೆ ಸುರುಳಿಯ ಬಾಯಲ್ಲಿ ಮೊದಲ ಹನಿ. ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿದೆವು. ಹನಿಗೆ ತಿಳಿ ನೀಲಿ ಬಣ್ಣ.

ಕಾಕಾ ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ. ಅವರು ಕೇಳಿದ್ದ ಪ್ರಶ್ನೆ ಆಗ ನೆನಪಾಯಿತು. ಪಾತ್ರೆಯಲ್ಲಿ ಕರಗಿದ ತಾಮ್ರ ಮೇಲೆ ಬರುವುದಿಲ್ಲ, ಸರಿ. ಆದರೆ ಸುರುಳಿಯಲ್ಲಿ ಆವಿ ಹನಿಯಾಗುತ್ತದೆ. ಆ ಹನಿಯಲ್ಲಿ ಸ್ವಲ್ಪ ಹುಳಿ ಇದ್ದೇ ಇರುತ್ತದೆ. ನೀರಿನ ಪರೀಕ್ಷೆ ಮಾಡಿದ ಮೇಲೆ ನಾನು ಸುರುಳಿ ಒಣಗಿಸದೆ ಬಿಟ್ಟಿದ್ದೆ. ಎರಡು ವಾರದಲ್ಲಿ ಒಳಗೆ ಕಿಲುಬು ಕಟ್ಟಿ, ಮೊದಲ ಹನಿಗಳು ಅದನ್ನು ತೊಳೆದುಕೊಂಡು ಬಂದವು. ಅದನ್ನು ಕುಡಿಯುವ ಹಾಗಿಲ್ಲ.

ಬೆಂಕಿ ಎಳೆದು ನಿಲ್ಲಿಸಿದೆವು. ಇಳಿದಷ್ಟನ್ನೂ ಚೆಲ್ಲಿಸಿದೆ, ಅವರು ಒಂದು ಮಾತೂ ಆಡದೆ ಚೆಲ್ಲಿದರು. ವಿನೆಗರ್ ಬೆರೆಸಿದ ನೀರು ಸುರುಳಿಯಲ್ಲಿ ತುಂಬಿ ಒಂದು ಗಂಟೆ ಇಟ್ಟು, ತೆಗೆದು, ಝರಿಯ ನೀರು ಹತ್ತು ನಿಮಿಷ ಹರಿಸಿ, ಸಂಜೆ ಮತ್ತೆ ಶುರು ಮಾಡಿದೆವು. ಈ ಸಲ ಹನಿ ಗಾಜಿನಷ್ಟೇ ತಿಳಿ. ಪ್ರತಿ ಸಲ ಮೊದಲ ಅರ್ಧ ಲೀಟರ್ ಚೆಲ್ಲಬೇಕು, ಕೆಲಸ ಮುಗಿದ ಮೇಲೆ ಸುರುಳಿಯನ್ನು ತೊಳೆದು ಗಾಳಿ ಊದಿ ಒಣಗಿಸಬೇಕು ಅಂತ ಗೋಡೆ ಮೇಲೆ ಇದ್ದಿಲಲ್ಲಿ ಬರೆಸಿ ಬಂದೆ. ಮುಂದಿನ ಪಾತ್ರೆಗೆ ಸುರುಳಿ ಎಸ್.ಎಸ್. 304ರಲ್ಲೇ. ಆವಿ ಓಡಾಡುವ ಜಾಗದಲ್ಲಿ ತಾಮ್ರ, ಹನಿ ಓಡಾಡುವ ಜಾಗದಲ್ಲಿ ಸ್ಟೀಲ್. ಈ ಸೀಸನ್ ಮುಗಿದ ಮೇಲೆ ಇವರದ್ದನ್ನೂ ನನ್ನ ಖರ್ಚಿನಲ್ಲೇ ಬದಲಾಯಿಸಿ ಕೊಡುತ್ತೇನೆ ಅಂದಿದ್ದೇನೆ.

ಹಾಗಾಗಿ ಲಾಭದ ಮಾತು ಬೇಡ. ತಗಡು ₹44,000, ಹಾಳಾದದ್ದಕ್ಕೆ ಬದಲು ತಂದದ್ದು ಇನ್ನೊಂದು ₹23,000 ಚಿಲ್ಲರೆ, ಬೆಳ್ಳಿ, ಗ್ಯಾಸ್, ಇದ್ದಿಲು, ಟೆಂಪೊ. ಇಬ್ಬರ ಕೂಲಿ ದಿನಕ್ಕೆ ಲೆಕ್ಕ ಹಾಕಿದರೆ ಗೌಂಡಿ ಕೆಲಸಕ್ಕೆ ಹೋಗಿದ್ದರೆ ಜಾಸ್ತಿ ಸಿಗುತ್ತಿತ್ತು. ಆದರೂ ಪಕ್ಕದ ತೋಟದವರು ಇನ್ನೊಂದಕ್ಕೆ ಹೇಳಿದ್ದಾರೆ. ಅವರಿಗೆ ₹1,20,000 ಹೇಳಿದ್ದೇನೆ, ತಾಮ್ರದ ದರ ಏಳು ದಿನಕ್ಕೆ ಮಾತ್ರ ಅಂತ ಕೆಳಗೆ ಬರೆದು.

ಒಡೆದ ಮೈ ತಗಡು ಶೆಡ್ಡಿನ ಮೂಲೆಯಲ್ಲಿತ್ತು. ಗುಜರಿಗೆ ಹಾಕೋಣ ಅಂತಿದ್ದೆ. ಯುಗಾದಿಗೆ ನಾಲ್ಕು ದಿನ ಮೊದಲು ಕಾಕಾ ಬೆಸುಗೆಯ ಎರಡೂ ಬದಿ 5 ಸೆಂ.ಮೀ. ಕತ್ತರಿಸಿ ತೆಗೆದು, ಹೊಸದಾಗಿ ಹಲ್ಲು ಕಚ್ಚಿಸಿ, ಹಿತ್ತಾಳೆ ಪುಡಿ, ಬಿಳಿಗಾರ ಹಾಕಿ ಇದ್ದಿಲ ಬೆಂಕಿಯಲ್ಲಿ ಬೆಸೆದರು. ಟಾರ್ಚು ಮುಟ್ಟಲು ಬಿಡಲಿಲ್ಲ. ಈಗ ಅದು ಅವರ ಮನೆಯ ಬಚ್ಚಲಲ್ಲಿದೆ. ಮೊದಲ ಮೂರು ದಿನ ಚೂರು ಒಸರಿತಂತೆ.